ಗೇಟಿನ ಒಳಗಿನ ರಸ್ತೆ

ಬಸವಣ್ಣೆವ್ವನ ಬಲಗಾಲಿಗೆ ಪಾದ ಇಲ್ಲ. ಹಿಮ್ಮಡಿ ಇರಬೇಕಾದಲ್ಲಿ ಬಟ್ಟೆ ಸುತ್ತಿದೆ. ನೊಣ ಮುತ್ತಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಾಳೆ. ಬೆಳಿಗ್ಗೆ ನಳಕ್ಕೆ ನೀರು ಬಂದಾಗ ತೆವಳುತ್ತ ಬಂದು ಪಾಳಿಗೆ ಕೊಡ ಇಡುತ್ತಾಳೆ. ತುಂಬಿದ ಕೊಡವನ್ನು ಬೇರೆ ಯಾರಾದರೂ ಶೆಡ್ಡಿಗೆ ಮುಟ್ಟಿಸಬೇಕು. ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಕೇಳುವುದು ಅವಳಿಂದ ಆಗುವುದಿಲ್ಲ. ಅದಕ್ಕೇ ಅರ್ಧ ಕೊಡ ಮಾತ್ರ ತುಂಬಿ ತಾನೇ ಮುಂದಕ್ಕೆ ನೂಕಿಕೊಂಡು ಹೋಗುತ್ತಾಳೆ. ಶೆಡ್ಡು ಸೇರುವುದರಲ್ಲಿ ಅದರಲ್ಲೂ ಅರ್ಧ ಚೆಲ್ಲಿರುತ್ತದೆ.

ನಾನು ಹೊಳಬಸಪ್ಪ. ಸೋನಚಾಫಾ ನಗರಿ ಎಂಬ ಕಾಲನಿಯ ಗೇಟಿನಲ್ಲಿ ವಾಚಮನ್ ಆಗಿದ್ದವ. ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಪುಣೆಯ ಬಿಬವೇವಾಡಿಯ ಮೇಲಿನ ಗುಡ್ಡ ಕಡಿದು ಕಟ್ಟಿದ ಕಾಲನಿ ಅದು. ಒಳಗೆ ಬಂದರೆ ಅಗಲವಾದ ಡಾಂಬರು ರಸ್ತೆ, ರಸ್ತೆಯ ಎರಡೂ ಕಡೆ ಸಂಪಿಗೆ ಗಿಡ, ಗಿಡದ ಹಿಂದೆ ಕಾರು, ಕಾರಿನ ಹಿಂದೆ ಮನೆ. ಹಿಂದಿನ ಗೋಡೆಯ ಆಚೆಗೆ, ಗೋಡೆಗೆ ಹತ್ತಿ ನಮ್ಮ ತಗಡಿನ ಶೆಡ್ಡುಗಳು. ನಾವೆಲ್ಲ ಇಂಡಿ, ಸಿಂದಗಿ ಕಡೆಯ ಮಂದಿ. ಗಂಡಸರು ಕಸದ ಗಾಡಿ ಎಳೆಯಬೇಕು, ಹೆಂಗಸರು ರಸ್ತೆ ಗುಡಿಸಬೇಕು.

ನಮ್ಮನ್ನು ಅಲ್ಲಿ ತಂದಿಟ್ಟವರು ಕಾಲನಿಯ ಚೇರಮನ್ ಶಿವಪ್ರಕಾಶ ಸಾವ್ಕಾರರು. ಅವರೂ ನಮ್ಮ ಕಡೆಯವರೇ, ಬಾಗಲಕೋಟೆಯಿಂದ ಬಂದು ಪುಣೆಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಮೇಲೆ ಬಂದವರು. 'ನಮ್ಮ ಕಡೀ ಮಂದಿ ನಂಬಿಗಸ್ತರು' ಎಂದು ಕಮಿಟಿಯಲ್ಲಿ ಹೇಳಿ ಎಲ್ಲರಿಗೂ ಕೆಲಸ ಹಚ್ಚಿದರು. ನಂಬಿಗಸ್ತರು ಅಂದರೆ ಎದುರು ಮಾತಾಡದವರು ಎಂದು ನನಗೆ ಆಮೇಲೆ ತಿಳಿಯಿತು. ಗೇಟಿನಲ್ಲಿ ಕಾರಿನ ಗಾಜು ಇಳಿಸಿ, "ಏನಪಾ ಹೊಳಬಸಪ್ಪ, ಊಟಾತೇನು?" ಅನ್ನುತ್ತಿದ್ದರು. ಮರಾಠಿಯಲ್ಲಿ ಬೈಸಿಕೊಂಡು ಬೈಸಿಕೊಂಡು ಸುಸ್ತಾದ ಕಿವಿಗೆ ಅಷ್ಟೇ ಸಾಕಾಗುತ್ತಿತ್ತು. ಇಡೀ ದಿನ ನಿಂತೇ ಇರುತ್ತಿದ್ದೆ.

ಅವರ ಮಗಳು ದೀಪಾಲಿ. ಹದಿನಾರು ವರ್ಷ. ಆ ವರ್ಷ ಅವಳಿಗೆ ಕಾರು ಕಲಿಯುವ ಹುಕಿ ಬಂತು. ಸಾವ್ಕಾರರು ನನ್ನೆದುರಿಗೇ ಅವಳ ಕೈಗೆ ಕೀಲಿ ಕೊಟ್ಟರು.

"ಹೊರಗ ಹೋಗಬ್ಯಾಡವಾ, ಪೊಲೀಸರು ಹಿಡೀತಾರ. ಒಳಗ ಎಷ್ಟ ಬೇಕಷ್ಟು ಓಡಸು. ಇದು ನಮ್ಮ ರಸ್ತೆ."

ಕಾಲನಿಯ ಮಕ್ಕಳೆಲ್ಲ ಹಾಗೇ ಕಲಿತಿದ್ದರು. ಲೈಸನ್ಸ್ ಬೇಕಾಗಿರುವುದು ಗೇಟಿನ ಆಚೆಗೆ. ಈಚೆಗೆ ಏನೂ ಬೇಡ. ಅವರು ಕಲಿಯುವಾಗ ನಾನು ಸೀಟಿ ಊದಿ ಗುಡಿಸುವ ಹೆಂಗಸರನ್ನು ಬದಿಗೆ ಸರಿಸಬೇಕು. ಅದೂ ನನ್ನ ಡ್ಯೂಟಿಯಲ್ಲೇ ಸೇರಿತ್ತು.

ಆಷಾಢ ಏಕಾದಶಿಯ ಯಾತ್ರೆಯ ಪಾಲಖಿ ಪುಣೆ ಬಿಟ್ಟು ಸಾಸವಡದ ದಾರಿ ಹಿಡಿದ ದಿನ ಅದು. ಪುಣೆಯ ಪೊಲೀಸರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಸಂಪಿಗೆ ಎಲೆ ಡಾಂಬರಿಗೆ ಅಂಟಿಕೊಂಡು ಕಸಬರಿಗೆಗೆ ಏಳುತ್ತಿರಲಿಲ್ಲ. ಬಸವಣ್ಣೆವ್ವ ಬಗ್ಗಿ ಒಂದೊಂದನ್ನೇ ಕೈಯಿಂದ ಕೀಳುತ್ತಿದ್ದಳು. ಮೇಲಿನ ತಿರುವಿನಿಂದ ಕಾರು ಬಂತು. ಜೋರಾಗಿ ಬಂತು. ಬ್ರೇಕ್ ಎಂದುಕೊಂಡು ಹುಡುಗಿ ಇನ್ನೊಂದನ್ನು ತುಳಿದಿರಬೇಕು. ನಾನು ಸೀಟಿ ಊದಿದೆ. ಸೀಟಿಗೆ ಮನುಷ್ಯರು ಸರಿಯುತ್ತಾರೆ, ಕಾರು ಸರಿಯುವುದಿಲ್ಲ. ಗಾಲಿ ಬಸವಣ್ಣೆವ್ವನ ಪಾದದ ಮೇಲೆ ಹಾದು, ಕಾರು ಕಟ್ಟೆಗೆ ಬಡಿದು ನಿಂತಿತು. ಮುಂದಿನ ದೀಪ ಒಡೆದು ಗಾಜು ಚೆಲ್ಲಿತು.

ಸಾವ್ಕಾರರು ಬನಿಯನ್ನಿನಲ್ಲೇ ಓಡಿಬಂದರು. ಮೊದಲು ಮಗಳನ್ನು ಇಳಿಸಿ ಮನೆಗೆ ಕಳಿಸಿದರು. ಆಮೇಲೆ ಸೀಟಿನ ಮೇಲೆ ಹಳೇ ಚಾದರ ಹಾಸಿ ಬಸವಣ್ಣೆವ್ವನನ್ನು ಮಲಗಿಸಿ ದವಾಖಾನೆಗೆ ಒಯ್ದರು. ಇದ್ದದ್ದನ್ನು ಹೇಳಬೇಕು, ಅದರಲ್ಲಿ ತಡ ಮಾಡಲಿಲ್ಲ.

ಇನ್ನು ನಾವು ಏನು ಮಾಡಿದೆವು ಕೇಳಿ. ರಸ್ತೆಯ ಮೇಲೆ ರಕ್ತ ಬಿದ್ದಿತ್ತು, ಗಾಜು ಬಿದ್ದಿತ್ತು. ಬಸವಣ್ಣೆವ್ವನ ಜೋಡಿ ಗುಡಿಸುತ್ತಿದ್ದ ಇಂದೂ ಹೋಗಿ ಬಕೆಟ್ಟಿನಲ್ಲಿ ನೀರು ತಂದಳು. ರಕ್ತ ತೊಳೆದಳು. ಗಾಜನ್ನು ಒಂದು ಚೂರೂ ಬಿಡದಂತೆ ಗುಡಿಸಿ ಕಸದ ಗಾಡಿಗೆ ಹಾಕಿದಳು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಶಾಲೆಯ ಬಸ್ಸು ಬರುವ ಹೊತ್ತು, ಮಕ್ಕಳ ಕಾಲಿಗೆ ಚುಚ್ಚೀತು ಅಂದುಕೊಂಡಳು. ಹೊಲಸು ಬಿದ್ದರೆ ಗುಡಿಸಬೇಕು. ಕೈಗೆ ಅದೊಂದೇ ಗೊತ್ತು. ಗಾಜು ತುಂಬಿದ ಗಾಡಿಯನ್ನು ಡಿಪೋಗೆ ಎಳೆದುಕೊಂಡು ಹೋದವ ಕಾಡಪ್ಪ, ಬಸವಣ್ಣೆವ್ವನ ಗಂಡ. ಅವನಿಗೆ ಸುದ್ದಿ ಹೇಳಲು ನಮಗೆ ಬಾಯಿ ಬರಲಿಲ್ಲ. ಸುರುವಿ ಬಂದ ಮೇಲೆ ಹೇಳಿದೆವು.

ಅವನು ಖಾಲಿ ಗಾಡಿಯ ಹಿಡಿಕೆ ಕೆಳಗಿಳಿಸಿ, "ಹೌದಾ?" ಅಂದ. ಅಷ್ಟೇ.

ದವಾಖಾನೆಯಲ್ಲಿ ಪಾದ ತೆಗೆದರು. ನಾನು ನೋಡಲು ಹೋದಾಗ ಅವಳಿಗೆ ಎಚ್ಚರ ಬಂದಿತ್ತು. ಅಳುತ್ತಿರಲಿಲ್ಲ. ಚಾದರದ ಕೆಳಗೆ ಕಾಲು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಳ್ಳುತ್ತಲೂ ಇರಲಿಲ್ಲ.

"ಯಣ್ಣಾ, ನಾ ಯಾವಾಗ ಚೇಂಬರಿನ ಮುಚ್ಚಳ ಎತ್ತಿದ್ನೋ?" ಅಂದಳು.

"ಯಾವ ಮುಚ್ಚಳ?"

"ಕನ್ನಡ ಬರೂ ನರ್ಸಬಾಯಿ ಒಬ್ಬಾಕಿ ಹೇಳಿದ್ಲು. ಗಟಾರದ ಮುಚ್ಚಳ ಎತ್ತಾಕ ಹೋಗಿ ಕಾಲ ಮ್ಯಾಲ ಹಾಕ್ಕೊಂಡೀನಂತ. ಸಾವ್ಕಾರ್ರು ಡಾಕ್ಟರಗ ಹಂಗ ಬರಸ್ಯಾರಂತ."

ನಾನು ಚಾದರದ ಅಂಚು ಸರಿ ಮಾಡಿದೆ.

"ಗಾಲಿ ಹಾದದ್ದು ನಾ ನೋಡೀನಿ, ಯಣ್ಣಾ."

"ನಾನೂ ನೋಡೀನಿ. ಬಿಡು ಈಗ."

"ಬಿಡು ಅಂದ್ರ ಹೆಂಗ? ನನ್ನ ಕೈಲೇ ನನ್ನ ಕಾಲು ಹೋತು ಅಂತ ಬರಕೊಂಡಾರ. ಕಾಲು ಹೋತು, ಹೋಗ್ಲಿ. ಗಾಡಿ ಹಾಯ್ಸ್ಯಾರ ಅಂತ ಬರೀಬೇಕು. ಮತ್ತೇನೂ ಬ್ಯಾಡ ನನಗ."

ಅವಳು ಕೇಳಿದ್ದು ಅದೊಂದೇ. ಮುಂದೆಯೂ ಮತ್ತೇನೂ ಕೇಳಲಿಲ್ಲ.

ಸಾವ್ಕಾರರು ಮೋಸಂಬಿ ತೆಗೆದುಕೊಂಡು ಬಂದರು. ಸ್ಟೂಲು ಎಳೆದು ಕೂತರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರು ಎಂದು ನಾನು ಹೇಳುವುದಿಲ್ಲ.

"ಬಸವಣ್ಣೆವ್ವಾ, ನೀ ನನ್ನ ತಂಗಿ ಇದ್ದಂಗ. ದೀಪಾಲಿ ಮೂರು ದಿನದಿಂದ ಉಂಡಿಲ್ಲ. ಸಣ್ಣ ಹುಡುಗಿ, ನಾಳೆ ಒಂದು ಮನಿಗೆ ಹೋಗಾಕಿ. ಪೊಲೀಸು, ಕೋರ್ಟು ಅಂದ್ರ ಆಕಿ ಬಾಳೇವು ಹಾಳಾಗ್ತದ."

"ನಾ ಕೋರ್ಟ್ ಅಂದಿಲ್ರಿ, ಸಾವ್ಕಾರ್ರ. ಮುಚ್ಚಳ ಅಲ್ಲ, ಗಾಡಿ ಅಂತ ಅನ್ರಿ."

"ನೋಡವ್ವಾ, ಅದು ಊರ ರಸ್ತೆ ಅಲ್ಲ. ಕಾಲನಿ ಅಂದ್ರ ಒಂದು ಮನಿ, ಅದು ನಮ್ಮ ಮನೀ ಅಂಗಳ. ಅಂಗಳದಾಗ ಯಾರರ ಎಡವಿದ್ರ ಚೌಕಿಗೆ ಹೋಗ್ತಾರೇನು? ನಾವ ನಾವ ಬಗೀಹರಿಸಿಕೊಳ್ಳೂಣು."

ಬಸವಣ್ಣೆವ್ವ ಮೋಸಂಬಿಯ ಚೀಲವನ್ನು ನೋಡುತ್ತ ಕೂತಳು. ಅವಳು ಒಪ್ಪಿದಳು ಎಂದುಕೊಂಡು ಸಾವ್ಕಾರರು ಎದ್ದು ಹೋದರು.

ನಾನೂ ಕಾಡಪ್ಪನೂ ಪೊಲೀಸ ಚೌಕಿಗೆ ಹೋದೆವು. ಹವಾಲ್ದಾರ ಒಬ್ಬನೇ ಕೂತಿದ್ದ. ಕೆಟ್ಟ ಮನುಷ್ಯ ಅಲ್ಲ, ಕೂಡಿರಿ ಅಂದ. ಎಲ್ಲ ಕೇಳಿದ. ದವಾಖಾನೆಯ ಚೀಟಿ ನೋಡಿದ. ಮುಚ್ಚಳ ಅಂತ ಬರೆದಿದೆಯಲ್ಲ ಅಂದ. ಗಾಜು ಬಿದ್ದಿದೆಯಾ, ರಕ್ತ ಬಿದ್ದಿದೆಯಾ, ಹೋಗಿ ನೋಡೋಣ ಅಂದ.

"ಗುಡಿಸೀವ್ರಿ, ಸಾಹೇಬ," ಅಂದ ಕಾಡಪ್ಪ. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ.

"ಯಾರು?"

"ನಾವ."

ಹವಾಲ್ದಾರ ನಮ್ಮಿಬ್ಬರ ಮುಖ ನೋಡಿದ. ಆಮೇಲೆ, "ತೋ ರಸ್ತಾ ನಾಹೀ, ಬಾಬಾ. ಖಾಸಗೀ ಜಾಗಾ ಆಹೇ," ಅಂದ. ಅದು ರಸ್ತೆಯೇ ಅಲ್ಲ, ಖಾಸಗಿ ಜಾಗ. ಕಾರೇ ಹಾಯ್ದಿದ್ದರೂ ಅಷ್ಟೇ. ಲೈಸನ್ಸ್ ಕೇಳುವುದು, ವೇಗ ನೋಡುವುದು, ಅಪಘಾತ ಅಂತ ಬರೆದುಕೊಳ್ಳುವುದು ಎಲ್ಲ ಸಾರ್ವಜನಿಕ ರಸ್ತೆಗೆ. ಸೊಸಾಯಿಟಿಯ ಒಳಗೆ ಸೊಸಾಯಿಟಿಯವರೇ ನೋಡಿಕೊಳ್ಳಬೇಕು. ನಮ್ಮ ಕಾಯ್ದೆ ನಿಮ್ಮ ಗೇಟಿನವರೆಗೆ ಅಂದ.

ಬರುವಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮೈಗೆಲ್ಲ ಹಾಗಾಗಿತ್ತು. ಸಮವಸ್ತ್ರ ಹಾಕಿಕೊಂಡು ಮತ್ತೆ ಗೇಟಿಗೆ ನಿಂತೆ. ಸಾವ್ಕಾರರ ಕಾರು ಬಂತು, ಹೊಸ ದೀಪ ಹಾಕಿಸಿದ್ದರು. ನಾನು ಸಲಾಮು ಹೊಡೆದೆ.

ಬಸವಣ್ಣೆವ್ವ ಶೆಡ್ಡಿಗೆ ಬಂದಳು. ಗಾಯ ಮಾಯಲಿಲ್ಲ. ಮುನ್ಸಿಪಾಲಿಟಿ ದವಾಖಾನೆಗೆ ಹೋಗಿ ಪಟ್ಟಿ ಕಟ್ಟಿಸಬೇಕು. ಶೆಡ್ಡಿನ ಹಿಂದಿನ ದಾರಿ ಬರೀ ಕಲ್ಲು, ಗಾಡಿ ಹೋಗುವುದಿಲ್ಲ. ಅದಕ್ಕೇ ಕಾಡಪ್ಪ ಅವಳನ್ನು ಕೈಗಾಡಿಯಲ್ಲಿ ಕೂಡಿಸಿಕೊಂಡು, ಹಿಂದಿನ ಸಣ್ಣ ಬಾಗಿಲಿನಿಂದ ಕಾಲನಿಯೊಳಗೆ ಬಂದು, ಆ ದೊಡ್ಡ ರಸ್ತೆಯ ಮೇಲೇ ಹಾದು ನನ್ನ ಗೇಟಿನಿಂದ ಹೊರಗೆ ಹೋಗುತ್ತಿದ್ದ. ಪಟ್ಟಿ ಕಟ್ಟುವ ನರ್ಸಿಗೂ ಬಸವಣ್ಣೆವ್ವ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳಂತೆ, ಇದು ಮುಚ್ಚಳ ಬಿದ್ದದ್ದಲ್ಲ, ಗಾಡಿ ಹಾದದ್ದು ಅಂತ. ಕನ್ನಡದಲ್ಲಿ ಹೇಳಿದರೆ ನರ್ಸಿಗೇನು ತಿಳಿಯಬೇಕು? ಹೂಂ ಹೂಂ ಅನ್ನುತ್ತಿದ್ದಳಂತೆ.

ಕಾಲನಿಯವರಿಗೆ ಆ ಗಾಡಿ ಸರಿಬರಲಿಲ್ಲ. ಮನೆಗೆ ಬೀಗರು ಬಂದಾಗ, ಪಾರ್ಟಿ ಇದ್ದಾಗ ಕೊಳೆತ ಕಾಲು ಕಟ್ಟಿಕೊಂಡ ಹೆಂಗಸು ಎದುರಿಗೆ ಬಂದರೆ ಯಾರಿಗೆ ಸರಿಬಂದೀತು? ಗೋಡೆಯ ಹಿಂದಿನವರೆಲ್ಲ ಇದೇ ದಾರಿಯಲ್ಲಿ ಅಡ್ಡಾಡುತ್ತಾರೆ, ಸೈಕಲ್ಲು ನಿಲ್ಲಿಸುತ್ತಾರೆ ಎಂದು ಕಮಿಟಿಯಲ್ಲಿ ಮಾತು ಬಂತು. ದೀಪಾವಳಿ ಆದ ಮೇಲೆ ಗೇಟಿಗೆ ಟ್ರಾಫಿಕ್ ಪೊಲೀಸರ ನೀಲಿ ಬೋರ್ಡು ಬಂತು. ಅದನ್ನು ಹಾಕಿಸುತ್ತ ಸಾವ್ಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೊಳಬಸಪ್ಪ, ಇನ್ನ ನಿನಗ ತ್ರಾಸಿಲ್ಲ ನೋಡು. ಸರ್ಕಾರದ ಟ್ರಾಫಿಕ್ ಕಾಯ್ದೆ ಇನ್ನಮುಂದ ನಮ್ಮ ರಸ್ತೆಗೂ ಬಂತು. ಮ್ಯಾಲಿನ ಸಾಹೇಬರಿಗೆ ಅರ್ಜಿ ಕೊಟ್ಟು ಮಂಜೂರ ಮಾಡಿಸೀನಿ. ಪೊಲೀಸರ ಬಂದು ನಿಲ್ತಾರ."

"ಛಲೋ ಆತ್ರಿ," ಅಂದೆ. ಮತ್ತೇನು ಅನ್ನಲಿ?

ಮರುದಿನ ಬೆಳಿಗ್ಗೆ ಬಿಳಿ ಅಂಗಿಯ ಟ್ರಾಫಿಕ್ ಪೊಲೀಸ ಬಂದು ಸಂಪಿಗೆ ಗಿಡದ ಕೆಳಗೆ ನಿಂತ. ಸಾವ್ಕಾರರ ಮನೆಯಿಂದ ಚಹಾ ಬಂತು. ಹೆಲ್ಮೆಟ್ ಇಲ್ಲದ ಎರಡು ಮೂರು ಸ್ಕೂಟರು ಹೋದವು, ಕಾಲನಿಯವರವು. ಅವನು ನೋಡಿಯೂ ನೋಡದಂತೆ ನಿಂತ. ಆಮೇಲೆ ಕಾಡಪ್ಪನ ಗಾಡಿ ಬಂತು. ಬಸವಣ್ಣೆವ್ವ ಮೇಲೆ ಕೂತಿದ್ದಳು. ಪೊಲೀಸ ಕೈ ಅಡ್ಡ ಹಿಡಿದ.

ಕೈಗಾಡಿಗೆ ಈ ರಸ್ತೆಯಲ್ಲಿ ಪ್ರವೇಶವಿಲ್ಲ, ಗಾಡಿ ಜಪ್ತಿ ಅಂದ. ಹೆಂಗಸನ್ನು ಇಳಿಸು ಅಂದ.

ಕಾಡಪ್ಪ ನನ್ನ ಕಡೆ ನೋಡಿದ. ನಾನು ಗೇಟು ಬಿಟ್ಟು ಹೋದೆ. "ಸಾಹೇಬ, ಇದು ಖಾಸಗಿ ಜಾಗ ಅಂದಿದ್ದರಲ್ಲ ನಿಮ್ಮ ಚೌಕಿಯವರು," ಅಂದೆ.

"ಕೋಣ ಮ್ಹಣತೋ? ಹಾ ರಸ್ತಾ ಆಹೇ," ಅಂದ. ಯಾರು ಹೇಳಿದ್ದು? ಇದು ರಸ್ತೆ.

ಅಷ್ಟು ಮರಾಠಿ ಬಸವಣ್ಣೆವ್ವನಿಗೂ ತಿಳಿಯುತ್ತಿತ್ತು. ಅವಳು ಗಂಡನ ಹೆಗಲು ಹಿಡಿದು ತಾನೇ ಕೆಳಗಿಳಿದಳು. ಇಳಿದು ಬದಿಗೆ ಹೋಗಲಿಲ್ಲ. ರಸ್ತೆಯ ನಡುವೆ ಕೂತಳು. ಚೀಲ ಕಟ್ಟಿದ ಕಾಲನ್ನು ಮುಂದಕ್ಕೆ ಚಾಚಿದಳು.

"ರಸ್ತೆ ಅಂತಾನಲ್ಲ, ಯಣ್ಣಾ. ರಸ್ತೆ ಆಗಿದ್ರ ನನ್ನ ಕೇಸು ಬರೀಲಿ. ಬರೀದಿದ್ರ ಅಂಗಳ ಆತು. ಅಂಗಳದಾಗ ನಾ ಕುಂದರಾಕಿನ."

ಆ ಕಡೆ ಗುಡಿಸುತ್ತಿದ್ದ ಇಂದೂ ಇದನ್ನು ಕೇಳಿದಳು. ಕಸಬರಿಗೆ ಕೆಳಗಿಟ್ಟು ಬಂದು ಅವಳ ಬದಿಗೆ ಕೂತಳು. ಮತ್ತೊಬ್ಬಳು ಬಂದಳು. ಹೆಂಗಸರೆಲ್ಲ ಬಂದರು. ಯಾರೂ ಕೂಗಲಿಲ್ಲ. ಊಟದ ಹೊತ್ತಿಗೆ ಗಿಡದ ಕೆಳಗೆ ಕೂತಂತೆ ಕೂತರು. ಒಬ್ಬಳು ರೊಟ್ಟಿಯ ಗಂಟನ್ನೂ ಬಿಚ್ಚಿದಳು. ಆಫೀಸಿಗೆ ಹೊರಟ ಕಾರುಗಳು ಒಂದರ ಹಿಂದೊಂದು ನಿಂತು ಹಾರ್ನು ಬಡಿಯತೊಡಗಿದವು.

ಸಾವ್ಕಾರರು ಬಂದರು. ಮೊದಲು ಪ್ರೀತಿಯಿಂದಲೇ ಮಾತಾಡಿದರು.

"ಏಳವ್ವಾ ತಂಗಿ. ಹಿಂಗ ರಸ್ತೆದಾಗ ಕುಂತ್ರ ಮಂದಿ ಏನಂದಾರು?"

"ನೀವೂ ರಸ್ತೆ ಅಂದ್ರಿ, ಸಾವ್ಕಾರ್ರ."

ಸಾವ್ಕಾರರ ಮುಖ ಗಂಟಾಯಿತು. "ಹೊಳಬಸಪ್ಪ, ಇವರನ್ನ ಎಬ್ಬಸು. ಇಲ್ಲಾಂದ್ರ ನಾಳಿಂದ ನೀನೂ ಬರಬ್ಯಾಡ, ಇವರೂ ಬರೂದು ಬ್ಯಾಡ. ಶೆಡ್ಡು ಖಾಲಿ ಮಾಡ್ರಿ."

ಎಲ್ಲರೂ ನನ್ನನ್ನು ನೋಡಿದರು. ಕಾರಿನಿಂದ ಇಳಿದ ಕಾಲನಿಯವರೂ ನೋಡುತ್ತಿದ್ದರು. ಅವರಿಗೆ ಈ ಕನ್ನಡ ತಿಳಿಯುತ್ತಿರಲಿಲ್ಲ. ಏನು ನಡೆದಿದೆ ಎಂದು ಒಬ್ಬರು ನನ್ನನ್ನೇ ಕೇಳಿದರು. ನನಗೆ ಆಗಲೂ ಸಿಟ್ಟು ಬಂದಿರಲಿಲ್ಲ. ಹೆದರಿಕೆ ಮಾತ್ರ ಇತ್ತು. ನಾನು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಚೇರಮನ್ ಸಾಹೇಬರ ಮಗಳು ಲೈಸನ್ಸ್ ಇಲ್ಲದೆ ಕಾರು ಓಡಿಸಿ ಈ ಹೆಂಗಸಿನ ಕಾಲಿನ ಮೇಲೆ ಹಾಯಿಸಿದಳು, ನಾನು ನೋಡಿದ್ದೇನೆ, ದವಾಖಾನೆಯಲ್ಲಿ ಮುಚ್ಚಳ ಬಿತ್ತು ಎಂದು ಬರೆಸಿದ್ದಾರೆ, ಗಾಡಿ ಹಾಯಿಸಿದರು ಎಂದು ಬರೆಯಿರಿ ಅನ್ನುತ್ತಿದ್ದಾಳೆ, ಮತ್ತೇನೂ ಇಲ್ಲ.

ಸಾವ್ಕಾರರ ಮನೆಯ ಮೇಲಿನ ಗ್ಯಾಲರಿಯಲ್ಲಿ ದೀಪಾಲಿ ನಿಂತಿದ್ದಳು. ಒಳಗೆ ಹೋದಳು. ಕಾಲನಿಯವರೊಬ್ಬರು ಗಡಿಯಾರ ನೋಡಿಕೊಂಡು, "ಅದೆಲ್ಲ ಆಮೇಲೆ ಮಾತಾಡಿ, ಮೊದಲು ದಾರಿ ಬಿಡಿಸಿ," ಅಂದರು. ಮಿಕ್ಕವರು ಹೌದು ಹೌದು ಅಂದರು.

ಚೌಕಿಯಿಂದ ಪೊಲೀಸ ವ್ಯಾನು ಬಂತು. ಗೇಟು ತೆಗೆಯಲು ನಾನಿರಲಿಲ್ಲ, ಅವರೇ ತೆಗೆದುಕೊಂಡು ಬಂದರು. ಹೆಂಗಸರನ್ನೂ ನನ್ನನ್ನೂ ಕಾಡಪ್ಪನನ್ನೂ ಹತ್ತಿಸಿದರು. ಬಸವಣ್ಣೆವ್ವನನ್ನು ಇಂದೂ ಮತ್ತು ಕಾಡಪ್ಪ ಎತ್ತಿ ಕೂಡಿಸಿದರು.

ಚೌಕಿಯಲ್ಲಿ ಅದೇ ಹವಾಲ್ದಾರ. ಮಧ್ಯಾಹ್ನದವರೆಗೆ ಕೂಡಿಸಿದ. ಆಮೇಲೆ ಬರೆಯಲು ಸುರು ಮಾಡಿದ. ಏನು ಕೇಸು ಸಾಹೇಬ ಎಂದು ಕೇಳಿದೆ. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ್ದು ಅಂದ. ಯಾವ ರಸ್ತೆ? ಸೋನಚಾಫಾ ನಗರಿಯ ಒಳಗಿನ ದೊಡ್ಡ ರಸ್ತೆ.

"ಪಾಲಖಿ ಹೊತ್ತಿನಲ್ಲಿ ಬಂದಾಗ ಅದು ಖಾಸಗಿ ಜಾಗ ಅಂದಿದ್ದಿರಿ."

"ಆಗ ಇತ್ತು," ಅಂದ. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಕುಹಕವೂ ಇರಲಿಲ್ಲ. ಬರೆಯುತ್ತ ಹೋದ.

ಹೆಸರು ಕೇಳಿದ, ಊರು ಕೇಳಿದ. ಬಸವಣ್ಣೆವ್ವನ ಸರದಿ ಬಂತು. ಮೈಮೇಲಿನ ಗುರುತು ಬರೆಯಬೇಕಿತ್ತು. ಕಾಲಿಗೆ ಏನಾಗಿದೆ ಎಂದು ಕೇಳಿದ.

"ಇವತ್ತು ನಾ ಕುಂತಿದ್ನಲ್ಲ, ಅದ ರಸ್ತೆದಾಗ ಕಾಲ ಮ್ಯಾಲ ಗಾಡಿ ಹಾದದ. ಬರಕೋ," ಅಂದಳು. ನಾನು ಮರಾಠಿಯಲ್ಲಿ ಹೇಳಿದೆ.

ಅವನ ಪೆನ್ನು ನಿಂತಿತು. ಅದು ಬೇರೆ ವಿಷಯ, ಅದು ಮುಗಿದುಹೋಗಿದೆ ಅಂದ. ಇಂದೂ ಮುಂದೆ ಬಂದಳು. "ಆವತ್ತಿನ ಗಾಜು ಗುಡಿಸಿದಾಕಿ ನಾನ. ರಕ್ತ ತೊಳದಾಕಿನೂ ನಾನ. ನನ್ನ ಹೆಸರು ಬರಕೊಳ್ರಿ." ನಾನು ಮರಾಠಿಯಲ್ಲಿ ಹೇಳಿದೆ. ಕಂಡದ್ದು ನಾನು, ನನ್ನ ಹೆಸರೂ ಬರೆಯಿರಿ ಅಂದೆ. ಹವಾಲ್ದಾರ ಪುಸ್ತಕ ಮುಚ್ಚಿ ಫೋನು ಮಾಡಲು ಒಳಗೆ ಹೋದ.

ಹೊತ್ತು ಮುಳುಗಲು ಬಂದಾಗ ಸಾವ್ಕಾರರು ಬಂದರು. ಹವಾಲ್ದಾರನ ಜೋಡಿ ಏನೋ ಮಾತಾಡಿ ನಮ್ಮ ಕಡೆ ತಿರುಗಿದರು. ಬೆಳಗಿನ ಸಿಟ್ಟು ಇಳಿದಿತ್ತು.

"ಏಳ್ರಿ, ಮನಿಗೆ ನಡೀರಿ. ನಾ ಹೇಳೀನಿ, ನಿಮ್ಮನ್ನ ಬಿಡಾಕತ್ತಾರ. ಕೇಸೂ ಇಲ್ಲ, ಏನೂ ಇಲ್ಲ. ಕೆಲಸಾನೂ ಇರ್ಲಿ. ಆದದ್ದು ಆತು."

ಕಾಡಪ್ಪ ಏಳಲು ನೆಲಕ್ಕೆ ಕೈಯೂರಿದ. ಬಸವಣ್ಣೆವ್ವ ಅವನ ರಟ್ಟೆ ಹಿಡಿದಳು.

"ಸಾವ್ಕಾರ್ರ, ನೀವು ಹೇಳಿದ್ರ ಡಾಕ್ಟರು ಮುಚ್ಚಳ ಅಂತ ಬರೀತಾನ. ನೀವು ಹೇಳಿದ್ರ ಪೊಲೀಸರು ನಮ್ಮನ್ನ ಹಿಡೀತಾರ, ನೀವು ಹೇಳಿದ್ರ ಬಿಡ್ತಾರ. ಎಲ್ಲಾ ನೀವು ಹೇಳಿದಂಗ ಆಗ್ತದ. ಹಂಗಾದ್ರ ಗಾಡಿ ಹಾಯ್ಸೀವಿ ಅಂತ ಒಂದ ಮಾತು ಹೇಳಿಬಿಡ್ರಿ. ನಾ ಎದ್ದು ಹೋಗ್ತೀನಿ."

ಸಾವ್ಕಾರರು ಕಿಸೆಯಿಂದ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಹೊರಗೆ ಹೋಗಿ ಕಾರಿನಲ್ಲಿ ಕೂತರು. ಕಾರು ಹೋಗಲೂ ಇಲ್ಲ, ಅವರು ಮತ್ತೆ ಇಳಿಯಲೂ ಇಲ್ಲ.

ಹವಾಲ್ದಾರನಿಗೆ ಗಡಿಬಿಡಿ ಸುರುವಾಯಿತು. ಕತ್ತಲಾದ ಮೇಲೆ ಹೆಂಗಸರನ್ನು ಚೌಕಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನನ್ನ ನೌಕರಿಗೆ ಕುತ್ತು ಬರುತ್ತದೆ, ಹೋಗಿರಿ ಅಂದ. ಯಾರೂ ಏಳಲಿಲ್ಲ. ಕೈ ಮುಗಿದ. ಯಾರೂ ಏಳಲಿಲ್ಲ. ದೀಪ ಹಚ್ಚಿದ. ಬಾಗಿಲು ಮುಚ್ಚಬೇಕು ಅಂದ.

"ಮುಚ್ಚಲಿ ಬಿಡು. ನಾವು ಒಳಗ ಇರ್ತೀವಿ," ಅಂದಳು ಬಸವಣ್ಣೆವ್ವ. "ಗಾಡಿ ಅಂತ ಬರದ ಮ್ಯಾಲ ತಗದ್ರಾತು."

ಅವನಿಗೆ ತಿಳಿಯಲಿ ಎಂದು ನಾನು ಅದನ್ನೂ ಮರಾಠಿಯಲ್ಲಿ ಹೇಳಿದೆ.